ಗ್ರೌಸ್ ಸಿಗುವ ಜಾಗ: ಎಲ್ಲರಿಗೂ ಹೇಳಬೇಕಾ, ಗುಟ್ಟಾಗಿ ಇಡಬೇಕಾ?

ಉತ್ತರತೀರ, ಮಿನ್ನೆಸೋಟಾ

ನಮಸ್ಕಾರ ಎಲ್ಲರಿಗೂ. ಸೆಪ್ಟೆಂಬರ್ ಮಧ್ಯಕ್ಕೆ ಇಲ್ಲಿ ರಫ್ಡ್ ಗ್ರೌಸ್ ಹಕ್ಕಿಯ ಬೇಟೆ ಸೀಸನ್ ಶುರು. ಅಷ್ಟರೊಳಗೆ ಈ ವಿಷಯ ಒಂದು ಸಲ ಬಾಯಿಬಿಟ್ಟು ಮಾತಾಡಿಬಿಡೋಣ.

ಕಳೆದ ಅಕ್ಟೋಬರ್‌ನಲ್ಲಿ ಒಬ್ಬರು ಯೂಟ್ಯೂಬ್‌ಗೆ ವಿಡಿಯೋ ಹಾಕಿದರು. ಯಾವ ಕೌಂಟಿ, ಯಾವ ಫಾರೆಸ್ಟ್ ರೋಡ್, ಯಾವ ಗೇಟ್ ಹತ್ತಿರ ಗಾಡಿ ನಿಲ್ಲಿಸಬೇಕು, ಅಲ್ಲಿಂದ ಎಡಕ್ಕೋ ಬಲಕ್ಕೋ, ಎಲ್ಲ ಬಿಡಿಸಿ ಹೇಳಿದ್ದರು. ನಾನು ವರ್ಷಗಳಿಂದ ನಡೆಯುವ ಕಾಡು ಅದು. ಮುಂದಿನ ಶನಿವಾರ ಹೋದರೆ ಗೇಟ್ ಮುಂದೆ ಗಾಡಿಗಳ ಸಾಲು. ದಟ್ಟ ಪೊದೆಯೊಳಗೆ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. ವಾಪಸ್ ಬಂದೆ. ಹಕ್ಕಿ ಸಿಗದಿದ್ದರೆ ಬೇಜಾರಿಲ್ಲ. ಆದರೆ ಕೋವಿ ಹಿಡಿದವರು ಅಷ್ಟು ಒತ್ತೊತ್ತಾಗಿ ಓಡಾಡುವುದು ಅಪಾಯ.

ಅದು ಸರ್ಕಾರಿ ಕಾಡು, ಯಾರು ಬೇಕಾದರೂ ಹೋಗಬಹುದು, ಒಪ್ಪುತ್ತೇನೆ. ಡಿಎನ್‌ಆರ್‌ನವರೇ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಬೋರ್ಡ್ ಹಾಕಿರುವ ಹಂಟರ್ ವಾಕಿಂಗ್ ಟ್ರೇಲ್ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ. ಆದರೆ ಕಾಲು ಸವೆಸಿ ಹುಡುಕಿದ ಜಾಗದ ಪಿನ್ ಇಂಟರ್ನೆಟ್‌ಗೆ ಹಾಕಬಾರದು ಅನ್ನುವುದು ನನ್ನ ಮಾತು. ನೀವೇನಂತೀರಿ?

ಕೊಡಗಿನ ಕೋವಿ, ವಿಸ್ಕಾನ್ಸಿನ್

ಹಾಕಲೇಬಾರದು. ಜಾಗದ ಹೆಸರೂ ಬೇಡ. ಫೋಟೋದ ಹಿಂದೆ ಸೇತುವೆ, ರಸ್ತೆ ಬೋರ್ಡ್ ಕಾಣುವುದೂ ಬೇಡ. ಫೋನಲ್ಲಿ ಲೊಕೇಶನ್ ಆಫ್ ಮಾಡಿ ಫೋಟೋ ತೆಗೆಯಿರಿ. ಹುಡುಕುವವರು ಅಷ್ಟರಲ್ಲೇ ಹುಡುಕಿಬಿಡುತ್ತಾರೆ.

ಹೊಸಬ, ಸೇಂಟ್ ಪಾಲ್

ನಾನು ಒಪ್ಪುವುದಿಲ್ಲ. ದಯವಿಟ್ಟು ಹೊಸಬರ ಕಡೆಯಿಂದಲೂ ನೋಡಿ.

ಇಲ್ಲಿನವರಿಗೆ ತಾತನ ಕಾಲದ ಕ್ಯಾಬಿನ್ ಇರುತ್ತದೆ. ಯಾವ ಗುಡ್ಡದ ಹಿಂದೆ ಹಕ್ಕಿ ಏಳುತ್ತದೆ ಅಂತ ಚಿಕ್ಕಪ್ಪನೋ ಮಾವನೋ ಹೇಳಿಕೊಟ್ಟಿರುತ್ತಾರೆ. ನಮಗೆ ಇಲ್ಲಿ ಯಾರಿದ್ದಾರೆ? ನಾನು ಹಾಸನದ ಕಡೆಯಿಂದ ಕೆಲಸಕ್ಕೆ ಅಂತ ಬಂದವನು. ಫೈರ್‌ಆರ್ಮ್ಸ್ ಸೇಫ್ಟಿ ಕೋರ್ಸ್ ಮುಗಿಸಿದೆ, ಲೈಸೆನ್ಸ್ ತೆಗೆದುಕೊಂಡೆ, ಕಿತ್ತಳೆ ಜಾಕೆಟ್ಟೂ ತಂದೆ. ಆಮೇಲೆ? ಎಲ್ಲಿಗೆ ಹೋಗಬೇಕು ಅಂತ ಯಾರನ್ನು ಕೇಳಿದರೂ ನಗುತ್ತಾರೆ, ಮಾತು ಬದಲಾಯಿಸುತ್ತಾರೆ. ಗುಟ್ಟು ಅನ್ನುವುದು ಮೊದಲಿಂದ ಇರುವವರ ಆಸ್ತಿ. ಅದರಿಂದ ಹೊರಗೆ ಉಳಿಯುವವರು ನಮ್ಮಂಥವರು.

ಮಲ್ನಾಡ್ ಟು ಮಿಷಿಗನ್

ಹೊಸಬ ಅವರ ಮಾತಲ್ಲಿ ನ್ಯಾಯ ಇದೆ. ಆದರೆ ಎಲ್ಲಿಗೆ ಹೋಗಬೇಕು ಅಂತ ಸರ್ಕಾರವೇ ಹೇಳುತ್ತದೆ ತಮ್ಮಾ. ಮಿಷಿಗನ್‌ನಲ್ಲಿ ಜೆಮ್ಸ್ ಅಂತಿದೆ. ಗ್ರೌಸ್‌ಗೆ ಬೇಕಾದ ಹಾಗೆ ಬೆಳೆಸಿರುವ ಕಾಡು, ನಡೆಯಲು ದಾರಿ, ಗಾಡಿ ನಿಲ್ಲಿಸಲು ಜಾಗ, ಮುಂದೆ ನಕ್ಷೆ ಹಾಕಿರುವ ಬೋರ್ಡ್, ಎಲ್ಲ ಇದೆ. ಆ ಬೋರ್ಡ್ ಮುಂದೆ ನಿಂತು ಫೋಟೋ ತೆಗೆದು ತೋರಿಸಿದರೆ ಅಕ್ಕಪಕ್ಕದ ಕೆಲವು ಅಂಗಡಿಗಳಲ್ಲಿ ರಿಯಾಯಿತಿ ಕೂಡ ಕೊಡುತ್ತಾರೆ. ಹೊಸಬರನ್ನು ಕರೆಯಲೆಂದೇ ಮಾಡಿರುವುದು.

ವಿಸ್ಕಾನ್ಸಿನ್ ಡಿಎನ್‌ಆರ್‌ನದು ಇನ್ನೂ ಒಳ್ಳೆಯದು. ಅವರ ಎಫ್‌ಫ್ಲೈಟ್ ನಕ್ಷೆಯಲ್ಲಿ ಎಳೆ ಆಸ್ಪೆನ್ ಕಾಡು ಎಲ್ಲಿದೆ, ಆಲ್ಡರ್ ಪೊದೆ ಎಲ್ಲಿದೆ, ಬಣ್ಣದಲ್ಲಿ ತೋರಿಸುತ್ತಾರೆ. ಮನೆಯಲ್ಲೇ ಕೂತು ನೋಡಬಹುದು.

ಸುಮ್ನೆ ಓದುಗ, ಬೆಂಗಳೂರು

ಗ್ರೌಸ್ ಅಂದರೆ ಯಾವ ಹಕ್ಕಿ? ಕಾಡುಕೋಳಿನಾ?

ಸೆಟ್ಟರ್ ಅಕ್ಕ, ಮಿನ್ನೆಸೋಟಾ

ನಮ್ಮ ಕಾಡುಕೋಳಿ, ನವಿಲಿನ ಕುಟುಂಬದ್ದೇ. ಆದರೆ ಚಳಿ ದೇಶದ್ದು. ಕಂದು ಬೂದು ಬಣ್ಣ, ಒಣಗಿದ ಎಲೆ ಮೇಲೆ ಕೂತರೆ ಕಾಣುವುದೇ ಇಲ್ಲ. ಚಳಿಗಾಲಕ್ಕೆ ಕಾಲ್ಬೆರಳ ಪಕ್ಕದಲ್ಲಿ ಬಾಚಣಿಗೆ ಹಲ್ಲಿನಂಥವು ಬೆಳೆಯುತ್ತವೆ, ಹಿಮದಲ್ಲಿ ನಡೆಯಲು ಅನುಕೂಲ. ರಾತ್ರಿ ಮೆತ್ತನೆಯ ಹಿಮದೊಳಗೆ ನುಗ್ಗಿ ಬೆಚ್ಚಗೆ ಮಲಗುತ್ತದೆ. ವಸಂತದಲ್ಲಿ ಗಂಡು ಹಕ್ಕಿ ಬಿದ್ದ ಮರದ ದಿಮ್ಮಿ ಮೇಲೆ ನಿಂತು ರೆಕ್ಕೆ ಬಡಿಯುತ್ತದೆ. ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ಕೊಡಗಿನ ಕೋವಿ, ವಿಸ್ಕಾನ್ಸಿನ್

ಆ ಸದ್ದನ್ನೇ ಲೆಕ್ಕ ಹಾಕುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಗೊತ್ತಾದ ರಸ್ತೆಗಳಲ್ಲಿ ಗಾಡಿ ನಿಲ್ಲಿಸಿ, ಒಂದೊಂದು ಕಡೆ ಎಷ್ಟು ಸಲ ಸದ್ದು ಕೇಳಿತು ಅಂತ ಬರೆದುಕೊಳ್ಳುತ್ತಾರೆ. ಆ ವರದಿಯೂ ಎಲ್ಲರಿಗೂ ಸಿಗುತ್ತದೆ. ಇಷ್ಟೆಲ್ಲ ಸಿಗುವಾಗ ನನ್ನ ಪಿನ್ ಯಾಕೆ ಬೇಕು ಅನ್ನುವುದು ನನ್ನ ಪ್ರಶ್ನೆ.

ಹೊಸಬ, ಸೇಂಟ್ ಪಾಲ್

ಅಣ್ಣ, ನಾನು ಎಫ್‌ಫ್ಲೈಟ್ ನಕ್ಷೆ ನೋಡಿದ್ದೇನೆ. ಅರ್ಧ ವಿಸ್ಕಾನ್ಸಿನ್‌ಗೆ ಬಣ್ಣ ಬಳಿದ ಹಾಗೆ ಕಾಣುತ್ತದೆ. ಅದರಲ್ಲಿ ಯಾವುದು ಒಳ್ಳೆಯದು, ಯಾವುದು ಸುಮ್ನೆ ಅನ್ನುವುದು ನನಗೆ ಹೇಗೆ ಗೊತ್ತಾಗಬೇಕು?

ಕಾಡಿನ ಲೆಕ್ಕ, ವಿಸ್ಕಾನ್ಸಿನ್

ನಾನು ಕಾಡಿನ ಕೆಲಸದಲ್ಲೇ ಇರುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಈ ಜಗಳದ ಬೇರು ಇಲ್ಲೇ ಇದೆ.

ಗ್ರೌಸ್ ಜಾಗ ಅನ್ನುವುದು ಶಾಶ್ವತ ಅಲ್ಲ. ಅದಕ್ಕೆ ವಯಸ್ಸಿದೆ. ಆಸ್ಪೆನ್ ಮರ ಪೂರ್ತಿ ಕಡಿದರೆ ಬೇರಿನಿಂದ ಸಾವಿರಾರು ಚಿಗುರು ಏಳುತ್ತವೆ. ಮೊದಲ ಕೆಲವು ವರ್ಷ ಒಳಗೆ ಕಾಲಿಡಲೂ ಆಗುವುದಿಲ್ಲ. ಚಿಗುರುಗಳು ತಮ್ಮಲ್ಲೇ ಪೈಪೋಟಿ ಮಾಡಿ ಒಂದಷ್ಟು ಸಾಯುತ್ತವೆ, ಉಳಿದವು ಮಣಿಕಟ್ಟಿನ ದಪ್ಪಕ್ಕೆ ಬರುತ್ತವೆ. ಆಗ ನೆಲದಲ್ಲಿ ಹಕ್ಕಿ ಓಡಾಡಲು ದಾರಿ ಇರುತ್ತದೆ, ಮೇಲಿಂದ ಗಿಡುಗ ಎರಗಲು ದಾರಿ ಇರುವುದಿಲ್ಲ. ಗ್ರೌಸ್‌ಗೆ ಬೇಕಾದದ್ದು ಅದೇ. ಇಪ್ಪತ್ತು ಇಪ್ಪತ್ತೈದು ವರ್ಷ ದಾಟಿದರೆ ಕೆಳಗೆ ತೆರವಾಗುತ್ತದೆ, ಹಕ್ಕಿ ಕಡಿಮೆಯಾಗುತ್ತದೆ. ಆದರೆ ಹಳೆಯ ಮರವೂ ಹತ್ತಿರದಲ್ಲೇ ಇರಬೇಕು. ಚಳಿಗಾಲದಲ್ಲಿ ಗ್ರೌಸ್ ತಿನ್ನುವುದು ಬೆಳೆದ ಗಂಡು ಆಸ್ಪೆನ್‌ನ ಹೂಮೊಗ್ಗು.

ಇದನ್ನು ಬಿಡಿಸಿ ತೋರಿಸಿದವರು ಗೋರ್ಡನ್ ಗಲಿಯನ್. ಮಿನ್ನೆಸೋಟಾ ವಿಶ್ವವಿದ್ಯಾಲಯದವರು, ಕ್ಲೋಕೆ ಕಾಡಿನಲ್ಲಿ ದಶಕಗಳ ಕಾಲ ಗ್ರೌಸ್ ಮೇಲೆ ಕೆಲಸ ಮಾಡಿದರು. ಕಾಡನ್ನು ಸಣ್ಣ ಸಣ್ಣ ತುಂಡಾಗಿ, ಬೇರೆ ಬೇರೆ ವರ್ಷ ಕಡಿಯಿರಿ, ಎಲ್ಲ ವಯಸ್ಸಿನ ಮರವೂ ಪಕ್ಕಪಕ್ಕ ಇರಲಿ ಅಂದರು.

ಹಾಗಾಗಿ ಹೊಸಬ ಅವರೇ, ಬಣ್ಣದ ಮಧ್ಯಕ್ಕೆ ಹೋಗಬೇಡಿ. ಅಂಚಿಗೆ ಹೋಗಿ. ಎಳೆ ಆಸ್ಪೆನ್ ಹಳೆಯ ಕಾಡಿಗೆ ತಾಗುವ ಕಡೆ, ಆಲ್ಡರ್ ಇರುವ ಜೌಗಿಗೆ ತಾಗುವ ಕಡೆ, ಹಳೆಯ ಮರ ಸಾಗಿಸುವ ದಾರಿಯಲ್ಲಿ ಕ್ಲೋವರ್ ಬೆಳೆದಿರುವ ಕಡೆ ನಡೆಯಿರಿ. ಯಾರೋ ಕೊಟ್ಟ ಪಿನ್ ಕೆಲವು ವರ್ಷಕ್ಕೆ ಹಳಸುತ್ತದೆ. ಈ ಲೆಕ್ಕ ಗೊತ್ತಿದ್ದರೆ ಯಾವ ರಾಜ್ಯಕ್ಕೆ ಹೋದರೂ ನಡೆಯುತ್ತದೆ.

ಸೆಟ್ಟರ್ ಅಕ್ಕ, ಮಿನ್ನೆಸೋಟಾ

ಇದನ್ನು ಪಿನ್ ಮಾಡಿ ಇಡಿ ಯಾರಾದರೂ. ಈ ಪಿನ್ ಹಾಕಬಹುದು!

ಕೊಡಗಿನ ಕೋವಿ, ವಿಸ್ಕಾನ್ಸಿನ್

ಸರ್, ನೀವು ಇಷ್ಟು ಬರೆದದ್ದೂ ಜಾಸ್ತಿ ಆಯಿತು ಅನ್ನುವವರು ನಮ್ಮ ಊರಲ್ಲಿದ್ದಾರೆ.

ಕಾಡಿನ ಲೆಕ್ಕ, ವಿಸ್ಕಾನ್ಸಿನ್

ಇರಲಿ. ಇದು ನನ್ನ ಗುಟ್ಟಲ್ಲ, ಪುಸ್ತಕದಲ್ಲಿ ಇರುವುದು.

ಹಕ್ಕಿನೋಟ, ಮೈಸೂರು

ನಾನು ಬೇಟೆ ವಿರೋಧಿ, ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಕ್ಕಿ ಹೊಡೆಯುವುದು ಅಪರಾಧ, ಅದು ಹಾಗೇ ಇರಬೇಕು ಅನ್ನುವವಳು. ಆದರೂ ಜಾಗ ಹೇಳುವ ವಿಷಯದಲ್ಲಿ ನಾನು ಉತ್ತರತೀರ ಅವರ ಪರ.

ಕ್ಯಾಮೆರಾ ಹಿಡಿದವರಲ್ಲೂ ಇದೇ ಸಮಸ್ಯೆ ಇದೆ. ಗೂಬೆಯ ಗೂಡು ಎಲ್ಲಿದೆ ಅಂತ ಒಬ್ಬರು ಗ್ರೂಪ್‌ನಲ್ಲಿ ಹಾಕಿದರೆ ಮಾರನೇ ದಿನ ಮರದ ಕೆಳಗೆ ಜಾತ್ರೆ. ಕೊಂಬೆ ಸರಿಸುತ್ತಾರೆ, ಟಾರ್ಚ್ ಬಿಡುತ್ತಾರೆ, ಫೋನಲ್ಲಿ ಕೂಗು ಹಾಕುತ್ತಾರೆ. ತಾಯಿ ಹಕ್ಕಿ ಗೂಡು ಬಿಟ್ಟು ಹೋದರೆ ಮರಿಗಳ ಗತಿ ಮುಗಿಯಿತು. ಅದಕ್ಕೇ ಹಕ್ಕಿ ನೋಡಿದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಅಪಾಯದಲ್ಲಿರುವ ಕೆಲವು ಹಕ್ಕಿಗಳ ಜಾಗವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ನೋಡಿದವರು ದಾಖಲೆ ಮಾಡಬಹುದು, ವಿಜ್ಞಾನಕ್ಕೆ ಸಿಗುತ್ತದೆ, ಜನಜಂಗುಳಿಗೆ ಸಿಗುವುದಿಲ್ಲ. ನಿಮ್ಮ ಬೇಟೆಯವರಿಗೂ ಅಂಥ ನಿಯಮ ಇರಬೇಕಲ್ವಾ?

ಮಲ್ನಾಡ್ ಟು ಮಿಷಿಗನ್

ಮೇಡಂ, ನೀವು ಬಂದದ್ದು ಒಳ್ಳೆಯದಾಯಿತು. ಆದರೆ ಗೂಡಿಗೂ ಶರತ್ಕಾಲದ ಕಾಡಿಗೂ ವ್ಯತ್ಯಾಸ ಇದೆ. ಬೇಟೆ ಶುರುವಾಗುವ ಹೊತ್ತಿಗೆ ಗೂಡಿನ ಕಾಲ ಮುಗಿದು ಹೋಗಿರುತ್ತದೆ. ಮರಿಗಳು ಬೆಳೆದು ಅಲ್ಲಲ್ಲಿ ಚದುರುತ್ತಿರುತ್ತವೆ. ಹಾಗಾಗಿ ಒಂದು ಕಡೆ ಖಾಲಿಯಾದರೆ ಇನ್ನೊಂದು ಕಡೆಯಿಂದ ಬಂದು ಸೇರುತ್ತವೆ.

ಇನ್ನು ಬೇಟೆ ವಿರೋಧದ ಬಗ್ಗೆ. 1937ರ ಪಿಟ್ಮನ್ ರಾಬರ್ಟ್ಸನ್ ಕಾಯ್ದೆ ಪ್ರಕಾರ ಇಲ್ಲಿ ಉದ್ದ ಕೋವಿ, ತೋಟಾಗಳ ಮೇಲಿನ 11% ತೆರಿಗೆ ನೇರವಾಗಿ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ನೀವು ಮೆಚ್ಚುವ ಎಷ್ಟೋ ಕಾಡು ಆ ದುಡ್ಡಿನಲ್ಲಿ ಉಳಿದಿದೆ.

ಹಕ್ಕಿನೋಟ, ಮೈಸೂರು

ದುಡ್ಡು ಕೊಟ್ಟ ಮಾತ್ರಕ್ಕೆ ಕೊಲ್ಲುವುದು ಸರಿಯಾಗುವುದಿಲ್ಲ. ಈ ವಿಷಯದಲ್ಲಿ ನಾವು ಒಪ್ಪುವುದಿಲ್ಲ, ಬಿಡಿ. ಆದರೆ ಎಲ್ಲ ಗ್ರೌಸ್‌ಗೂ ನೀವು ಹೇಳಿದ್ದು ಅನ್ವಯಿಸುತ್ತದಾ? ಒಂದೇ ಬಯಲಲ್ಲಿ ಗುಂಪಾಗಿ ಕುಣಿಯುವ ಜಾತಿಗಳಿವೆಯಲ್ಲ?

ಕಾಡಿನ ಲೆಕ್ಕ, ವಿಸ್ಕಾನ್ಸಿನ್

ಒಳ್ಳೆಯ ಪ್ರಶ್ನೆ. ಶಾರ್ಪ್‌ಟೇಲ್, ಸೇಜ್ ಗ್ರೌಸ್, ಪ್ರೇರಿ ಚಿಕನ್ ಇವೆಲ್ಲ ಹಾಗೆ. ವಸಂತದಲ್ಲಿ ಗಂಡುಗಳು ವರ್ಷ ವರ್ಷ ಅದೇ ಬಯಲಿಗೆ ಬಂದು ಕುಣಿಯುತ್ತವೆ. ಆ ಬಯಲಿಗೆ ಲೆಕ್ ಅನ್ನುತ್ತಾರೆ. ಅಲ್ಲಿ ಬೆಳಗ್ಗೆ ಜನ ನುಗ್ಗಿದರೆ ಆ ವರ್ಷದ ಸಂತಾನಕ್ಕೇ ಪೆಟ್ಟು. ಲೆಕ್ ಜಾಗವನ್ನು ಇಂಟರ್ನೆಟ್‌ಗೆ ಹಾಕಲೇಬಾರದು, ಬೇಟೆಯವರೂ ಅಷ್ಟೇ, ಫೋಟೋದವರೂ ಅಷ್ಟೇ. ನಾವು ಇಲ್ಲಿ ಮಾತಾಡುತ್ತಿರುವ ರಫ್ಡ್ ಗ್ರೌಸ್ ಒಂಟಿ ಹಕ್ಕಿ, ಕಾಡಿನದು.

ಪೆನ್ಸಿಲ್ವೇನಿಯಾ ಕನ್ನಡಿಗ

ಮಿನ್ನೆಸೋಟಾದವರು ಧಾರಾಳವಾಗಿ ಮಾತಾಡಬಹುದು. ನಿಮ್ಮಲ್ಲಿ ದಿನಕ್ಕೆ ಐದು ಹಕ್ಕಿ ಹೊಡೆಯಬಹುದು. ನಮ್ಮ ಕಡೆ ನೋಡಿ. ಗ್ರೌಸ್ ನಮ್ಮ ರಾಜ್ಯದ ಹಕ್ಕಿ, ಆದರೆ ಕಾಣುವುದೇ ಕಡಿಮೆಯಾಗಿದೆ. ಕಾಡಿಗೆ ವಯಸ್ಸಾಯಿತು, ಅದರ ಮೇಲೆ ವೆಸ್ಟ್ ನೈಲ್ ವೈರಸ್. ನ್ಯೂಜೆರ್ಸಿ 2019ರಲ್ಲಿ ಗ್ರೌಸ್ ಬೇಟೆಯನ್ನೇ ನಿಲ್ಲಿಸಿತು. ಇಂಡಿಯಾನಾ 2020ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಇಲ್ಲಿ ಒಂದು ಕಣಿವೆಯಲ್ಲಿ ನಾಲ್ಕೈದು ಹಕ್ಕಿ ಉಳಿದಿದ್ದರೆ ಅಲ್ಲಿಗೆ ಬಂದು ಸೇರಲು ಅಕ್ಕಪಕ್ಕದಲ್ಲಿ ಬೇರೆ ಹಕ್ಕಿ ಇಲ್ಲ. ನಾಲ್ಕು ಜನ ನಾಯಿ ಕರೆದುಕೊಂಡು ಬಂದರೆ ಕಥೆ ಮುಗಿಯಿತು. ಹಾಗಾಗಿ ಹೇಳಬೇಕೋ ಬೇಡವೋ ಅನ್ನುವುದು ಹಕ್ಕಿ ಎಷ್ಟಿದೆ ಅನ್ನುವುದರ ಮೇಲೆ ಹೋಗಬೇಕು. ಕಡಿಮೆ ಇರುವ ಕಡೆ ಬಾಯಿ ಮುಚ್ಚಿಕೊಂಡಿರಬೇಕು.

ಉತ್ತರತೀರ, ಮಿನ್ನೆಸೋಟಾ

ಇದನ್ನು ನಾನು ಯೋಚಿಸಿರಲಿಲ್ಲ. ನಾನು ಗೇಟ್ ಮುಂದಿನ ಗದ್ದಲದ ಬಗ್ಗೆ ಮಾತ್ರ ಮಾತಾಡುತ್ತಿದ್ದೆ. ನಮ್ಮಲ್ಲಿ ಹಕ್ಕಿ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಬೇಟೆ ಮಾಡಿದರೂ ಮಾಡದಿದ್ದರೂ. ನಿಮ್ಮಲ್ಲಿ ಇಳಿದದ್ದು ಏರುತ್ತಲೇ ಇಲ್ಲ ಅನ್ನುವುದು ಬೇರೆ ಮಾತು.

ಶಿರಸಿ ಅಪ್ಪೆ

ನಮ್ಮ ಕಡೆ ಕೋವಿ ಇಲ್ಲ, ಆದರೂ ಮಾತಾಡಬಹುದಾ? ಅಪ್ಪೆಮಿಡಿ ಮರದ ಕಥೆ ಇದೇ. ಹೊಳೆ ದಂಡೆಯಲ್ಲಿ ಒಳ್ಳೆಯ ಜೀರಿಗೆ ಪರಿಮಳದ ಮಿಡಿ ಬಿಡುವ ಮರ ಒಂದಿದೆ ಅಂದರೆ, ಮೊದಲು ಊರಿನವರು ಹತ್ತಿ ಬೇಕಾದಷ್ಟು ಕೊಯ್ದು ಬರುತ್ತಿದ್ದರು. ಮಿಡಿಗೆ ರೇಟು ಬಂತು, ಮರ ಎಲ್ಲಿದೆ ಅಂತ ಸುದ್ದಿಯಾಯಿತು. ರಾತ್ರಿ ಬಂದು ಕೊಂಬೆ ಸಮೇತ ಕಡಿದುಕೊಂಡು ಹೋದರು. ಮಳೆಗಾಲದ ಅಣಬೆಯೂ ಅಷ್ಟೇ, ಯಾವ ಹುತ್ತದ ಹತ್ತಿರ ಏಳುತ್ತದೆ ಅಂತ ಅಜ್ಜಿ ಸೊಸೆಗೆ ಮಾತ್ರ ಹೇಳುತ್ತಿದ್ದರು.

ಹೊಸಬ, ಸೇಂಟ್ ಪಾಲ್

ಆದರೆ ಅಪ್ಪೆಯ ವಿಷಯದಲ್ಲಿ ಒಳ್ಳೆಯದೂ ಆಯಿತಲ್ಲ ಸರ್? ಮರ ಯಾವುದು ಅಂತ ಗೊತ್ತಾದ ಮೇಲೆ ಕಸಿ ಕಟ್ಟಿ ತೋಟಗಳಲ್ಲಿ ಬೆಳೆಸಿದರು. ಅನಂತ ಭಟ್ಟನ ಅಪ್ಪೆ ಇವತ್ತು ಎಷ್ಟೋ ಜನರ ಹಿತ್ತಲಲ್ಲಿದೆ. ಗುಟ್ಟಾಗೇ ಉಳಿದಿದ್ದರೆ ಮರ ಬಿದ್ದ ದಿನ ತಳಿಯೂ ಹೋಗುತ್ತಿತ್ತು.

ಕಾಡೂ ಹಾಗೇ. ಒಂದು ಕಾಡಿಗೆ ಹೋಗುವ ಜನ ಇದ್ದರೆ ತಾನೇ ಅದನ್ನು ಸರಿಯಾಗಿ ನೋಡಿಕೊಳ್ಳಿ ಅಂತ ಕೇಳುವವರು ಇರುತ್ತಾರೆ? ಯಾರಿಗೂ ಗೊತ್ತಿಲ್ಲದ ಕಾಡಿನ ಪರ ಯಾರು ದನಿ ಎತ್ತುತ್ತಾರೆ?

ಶಿರಸಿ ಅಪ್ಪೆ

ಕಸಿ ಕಟ್ಟಿದವರು ಬೇರೆ, ಕೊಂಬೆ ಕಡಿದವರು ಬೇರೆ. ಮರ ಎರಡೂ ಜನರಿಗೆ ಒಟ್ಟಿಗೇ ಗೊತ್ತಾಯಿತು ಅನ್ನುವುದೇ ನನ್ನ ಸಂಕಟ. ಆದರೆ ನೀವು ಹೇಳಿದ್ದು ಸುಳ್ಳಲ್ಲ.

ಸೆಟ್ಟರ್ ಅಕ್ಕ, ಮಿನ್ನೆಸೋಟಾ

ಹೊಸಬ ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ಹೆಂಗಸರಿಗೆ ಈ ಗುಟ್ಟಿನ ಕೂಟ ಇನ್ನೂ ಕಷ್ಟ. ನಾನು ನಾಯಿ ಸಾಕಿ, ತರಬೇತಿ ಕೊಟ್ಟು, ಕೋವಿ ಕಲಿತು ಬಂದರೂ ಅಂಗಡಿಯಲ್ಲಿ ಗಂಡನ ಕಡೆ ತಿರುಗಿ ಮಾತಾಡುತ್ತಾರೆ. ನನಗೆ ದಾರಿ ತೋರಿಸಿದವರು ನೆರೆಮನೆಯ ಒಬ್ಬ ಹಿರಿಯರು. ಒಂದು ದಿನ ಜೊತೆಗೆ ಕರೆದುಕೊಂಡು ಹೋದರು. ಕಾಡಿನಲ್ಲಿ ನಿಂತು, ಇಲ್ಲಿ ಯಾಕೆ ಹಕ್ಕಿ ಇದೆ ಹೇಳು ಅಂತ ನನ್ನನ್ನೇ ಕೇಳಿದರು. ಡಾಗ್‌ವುಡ್ ಹಣ್ಣು, ಹೇಝಲ್ ಪೊದೆ, ಹತ್ತಿರದ ತೊರೆ, ಒಂದೊಂದೇ ತೋರಿಸಿದರು. ಹೊಡೆದ ಹಕ್ಕಿಯ ಗಂಟಲ ಚೀಲ ಬಿಡಿಸಿ ಏನು ತಿಂದಿದೆ ನೋಡು ಅಂದರು.

ಆಮೇಲೆ ಅವರು ನನ್ನಿಂದ ಕೇಳಿದ್ದು ಒಂದೇ ಮಾತು. ಈ ಜಾಗಕ್ಕೆ ನೀನು ಬಾ, ಆದರೆ ಬೇರೆಯವರನ್ನು ಕರೆತರುವ ಮೊದಲು ನನ್ನನ್ನು ಕೇಳು. ಇಂಟರ್ನೆಟ್‌ನಲ್ಲಿ ಆ ಮಾತು ಕೇಳಲು ಜಾಗವೇ ಇಲ್ಲ. ಅಲ್ಲಿ ಹಾಕಿದ ಪಿನ್ ಯಾರ ಕೈಗೆ ಹೋಯಿತು ಅಂತ ಹಾಕಿದವರಿಗೇ ಗೊತ್ತಿರುವುದಿಲ್ಲ.

ಕೊಡಗಿನ ಕೋವಿ, ವಿಸ್ಕಾನ್ಸಿನ್

ಅಕ್ಕ ಹೇಳಿದ್ದು ಸರಿ. ನಮ್ಮ ಮನೆಯಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡುತ್ತೇವೆ. ಅಜ್ಜ ಶಿಕಾರಿಯ ಮಾತು ಎಲ್ಲರ ಮುಂದೆ ಹೇಳುತ್ತಿದ್ದರು, ಜಾಗ ಮಾತ್ರ ಜೊತೆಗೆ ಬಂದವನಿಗೆ. ಊರಲ್ಲಿ ಶಿಕಾರಿ ನಿಂತು ಎಷ್ಟೋ ವರ್ಷ ಆಯಿತು, ಅದು ಸರಿಯೇ. ಆದರೆ ಆ ರೀತಿ ನನಗೆ ಇಲ್ಲಿಯೂ ಸರಿ ಅನ್ನಿಸುತ್ತದೆ.

ಹೊಸಬ, ಸೇಂಟ್ ಪಾಲ್

ಜೊತೆಗೆ ಕರೆದುಕೊಂಡು ಹೋಗುವವರು ಸಿಕ್ಕರೆ ನನಗೆ ಪಿನ್ ಯಾಕೆ ಬೇಕು? ಸಿಗುವುದಿಲ್ಲ ಅನ್ನುವುದೇ ನನ್ನ ತಕರಾರು. ನೀವೆಲ್ಲ ಗುಟ್ಟು ಇಡಿ ಅನ್ನುತ್ತೀರಿ, ಸರಿ. ಹಾಗಾದರೆ ವರ್ಷಕ್ಕೆ ಒಬ್ಬ ಹೊಸಬನನ್ನಾದರೂ ಕರೆದುಕೊಂಡು ಹೋಗಿ. ಅದೂ ಇಲ್ಲ, ಇದೂ ಇಲ್ಲ ಅಂದರೆ ಹೇಗೆ?

ಪೆನ್ಸಿಲ್ವೇನಿಯಾ ಕನ್ನಡಿಗ

ಇದಕ್ಕೆ ಉತ್ತರ ಕೊಡಲೇಬೇಕು. ಹುಡುಗ ಸರಿಯಾಗಿ ಕೇಳಿದ್ದಾನೆ.

ಸುಮ್ನೆ ಓದುಗ, ಬೆಂಗಳೂರು

ಮಧ್ಯದಲ್ಲಿ ಬರುತ್ತೇನೆ ಕ್ಷಮಿಸಿ. ಇದರ ರುಚಿ ಹೇಗೆ? ನಾಟಿಕೋಳಿ ಥರಾನಾ?

ಕೊಡಗಿನ ಕೋವಿ, ವಿಸ್ಕಾನ್ಸಿನ್

ಎದೆ ಮಾಂಸ ಬಿಳಿ, ಕೊಬ್ಬೇ ಇಲ್ಲ. ನಾಟಿಕೋಳಿ ಥರ ಗಂಟೆಗಟ್ಟಲೆ ಬೇಯಿಸಿದರೆ ಒಣಗಿ ನಾರಾಗುತ್ತದೆ. ತುಪ್ಪದಲ್ಲಿ ಸ್ವಲ್ಪ ಹೊತ್ತು, ಕರಿಮೆಣಸು, ಕೊನೆಗೆ ಒಂದೆರಡು ಹನಿ ಕಾಚಂಪುಳಿ. ಕಾಲಿನ ಮಾಂಸ ಬೇರೆ ತೆಗೆದು ಸಾರು ಮಾಡಿ.

ಮಲ್ನಾಡ್ ಟು ಮಿಷಿಗನ್

ವುಡ್‌ಕಾಕ್ ಅದಕ್ಕಿಂತ ಚೆನ್ನಾಗಿರುತ್ತದೆ. ಅದೇ ಕಾಡಲ್ಲೇ ಸಿಗುತ್ತದೆ.

ಕೊಡಗಿನ ಕೋವಿ, ವಿಸ್ಕಾನ್ಸಿನ್

ವುಡ್‌ಕಾಕ್ ಎರೆಹುಳು ತಿನ್ನುವ ಹಕ್ಕಿ. ನನಗೆ ಆ ವಾಸನೆ ಆಗುವುದಿಲ್ಲ. ಈ ಜಗಳಕ್ಕೆ ಬೇರೆ ಥ್ರೆಡ್ ಮಾಡಿ.

ಕಾಡಿನ ಲೆಕ್ಕ, ವಿಸ್ಕಾನ್ಸಿನ್

ವಿಷಯಕ್ಕೆ ಬರೋಣ. ಹಾಕಲೇಬೇಕು ಅನ್ನಿಸಿದರೆ ಕೌಂಟಿ ಹೆಸರೂ ಬೇಡ. ಶೆಕ್ವಾಮೆಗನ್ ನಿಕೊಲೆ, ಸುಪೀರಿಯರ್, ಒಟ್ಟಾವಾ ಅಂತ ದೊಡ್ಡ ರಾಷ್ಟ್ರೀಯ ಅರಣ್ಯದ ಹೆಸರು ಹಾಕಿ. ಲಕ್ಷಾಂತರ ಎಕರೆ ಇರುವ ಕಾಡುಗಳು ಅವು, ಹೆಸರು ಹೇಳಿದರೆ ಯಾರಿಗೂ ನಷ್ಟ ಇಲ್ಲ. ಮರದ ವಯಸ್ಸು, ನೆಲ ಹೇಗಿತ್ತು, ಹಕ್ಕಿ ಏನು ತಿಂದಿತ್ತು, ಇವನ್ನು ಧಾರಾಳವಾಗಿ ಬರೆಯಿರಿ. ಗೇಟ್, ರಸ್ತೆ ನಂಬರ್ ಬೇಡ.

ಮಲ್ನಾಡ್ ಟು ಮಿಷಿಗನ್

ನಾನು ಕೌಂಟಿ ಹಾಕುತ್ತೇನೆ. ಅಷ್ಟು ಭಯ ಬೇಡ. ಸಣ್ಣ ಊರಿನ ಮೋಟೆಲ್, ಹೋಟೆಲ್‌ನವರು ಅಕ್ಟೋಬರ್ ತಿಂಗಳು ನಮ್ಮನ್ನೇ ಕಾಯುತ್ತಿರುತ್ತಾರೆ. ವಿಸ್ಕಾನ್ಸಿನ್‌ನ ಪಾರ್ಕ್ ಫಾಲ್ಸ್ ಊರು ತನ್ನನ್ನು ತಾನೇ ಜಗತ್ತಿನ ರಫ್ಡ್ ಗ್ರೌಸ್ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ಅವರಿಗೆ ಜನ ಬೇಕು.

ಕಾಡಿನ ಲೆಕ್ಕ, ವಿಸ್ಕಾನ್ಸಿನ್

ಊರಿಗೆ ಜನ ಬರಲಿ, ಬೇಡ ಅಂದವರು ಯಾರು? ಎಲ್ಲರೂ ಒಂದೇ ಗೇಟಿಗೆ ಬರುವುದು ಬೇಡ ಅನ್ನುತ್ತಿದ್ದೇನೆ.

ಉತ್ತರತೀರ, ಮಿನ್ನೆಸೋಟಾ

ಹೊಸಬ ಅವರೇ, ಸೀಸನ್ ಶುರುವಾದ ಎರಡನೇ ಶನಿವಾರ ನಾನು ಡುಲುತ್‌ನಿಂದ ಉತ್ತರಕ್ಕೆ ಹೋಗುತ್ತಿದ್ದೇನೆ. ಬನ್ನಿ. ಬೆಳಗ್ಗೆ ಹಂಟರ್ ವಾಕಿಂಗ್ ಟ್ರೇಲ್‌ನಲ್ಲಿ ನಡೆಯೋಣ. ಮಧ್ಯಾಹ್ನ ನಿಮ್ಮ ಕೈಗೆ ನಕ್ಷೆ ಕೊಡುತ್ತೇನೆ, ಎಲ್ಲಿಗೆ ಹೋಗಬೇಕು ಅಂತ ನೀವೇ ಹೇಳಬೇಕು. ಹಕ್ಕಿ ಎದ್ದರೆ ಆ ಜಾಗ ನಿಮ್ಮದು, ಯಾರಿಗೆ ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಹೊಸಬ, ಸೇಂಟ್ ಪಾಲ್

ಖಂಡಿತ ಬರುತ್ತೇನೆ ಸರ್. ತುಂಬಾ ಥ್ಯಾಂಕ್ಸ್. ಒಂದು ಅನುಮಾನ. ನಾನು ಎಚ್1ಬಿ ವೀಸಾದಲ್ಲಿದ್ದೇನೆ. ಕೋವಿ ಹಿಡಿಯಲು ತೊಂದರೆ ಇಲ್ಲವಾ?

ಸೆಟ್ಟರ್ ಅಕ್ಕ, ಮಿನ್ನೆಸೋಟಾ

ಅಂಥ ವೀಸಾದವರು ಕೋವಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಫೆಡರಲ್ ಕಾನೂನಿನಲ್ಲಿದೆ. ಆದರೆ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿಯಲು ಬಿಡಬೇಡ, ಯಾವಾಗಲೂ ಜೊತೆಗೆ ಇಟ್ಟುಕೋ.

ಹೊಸಬ, ಸೇಂಟ್ ಪಾಲ್

ಲೈಸೆನ್ಸ್ ಇದೆ ಅಕ್ಕ. ಬೂಟು ಯಾವ ಥರದ್ದು ಬೇಕು?

ಉತ್ತರತೀರ, ಮಿನ್ನೆಸೋಟಾ

ಆಲ್ಡರ್ ಜೌಗಿನಲ್ಲಿ ನೀರು ಇರುತ್ತದೆ, ಮೊಣಕಾಲುದ್ದದ ರಬ್ಬರ್ ಬೂಟು ತನ್ನಿ. ಮುಳ್ಳು ತಡೆಯುವ ದಪ್ಪ ಪ್ಯಾಂಟು, ಕಣ್ಣಿಗೆ ಕನ್ನಡಕ. ಕೊಂಬೆ ಕಣ್ಣಿಗೇ ಬಂದು ಬಡಿಯುತ್ತದೆ. ಕಿತ್ತಳೆ ಜಾಕೆಟ್ ಮರೆಯಬೇಡಿ.

ಸೆಟ್ಟರ್ ಅಕ್ಕ, ಮಿನ್ನೆಸೋಟಾ

ಉಣುಗು ಔಷಧ ಬಟ್ಟೆಗೆ ಹೊಡೆದುಕೊಂಡು ಬಾ. ಮನೆಗೆ ಹೋದ ಮೇಲೆ ಮೈಯೆಲ್ಲ ಒಂದು ಸಲ ನೋಡಿಕೋ. ಇಲ್ಲಿ ಲೈಮ್ ಕಾಯಿಲೆ ಜಾಸ್ತಿ. ನಾನೂ ನಾಯಿ ಕರೆದುಕೊಂಡು ಬರುತ್ತೇನೆ, ಎಷ್ಟು ಗಂಟೆಗೆ ಹೊರಡುತ್ತೀರಿ ಹೇಳಿ.